ಮಕ್ಕಳು ಬರುವ ಮುಂಚೆ ಹಿತ್ತಲು

ಮಲೆನಾಡಿರಲಿ ಕರಾವಳಿಯಿರಲಿ, ಹಿತ್ತಲು ಮೊದಲಿಗೆ ಕೆಲಸದ ಜಾಗ. ಬಾವಿ, ಒಗೆಯುವ ಕಲ್ಲು, ಪಂಪು, ಗೋಬರ್ ಗ್ಯಾಸಿನ ಗುಂಡಿ, ಸೌದೆ, ದರಗಿನ (ಒಣ ಎಲೆಯ) ರಾಶಿ, ಔಷಧಿ ಹೊಡೆಯುವ ಕ್ಯಾನು, ಎಲ್ಲಕ್ಕೂ ಅದೇ ನೆಲೆ. ವರ್ಷವಿಡೀ ಓಡಾಡುವ ದೊಡ್ಡವರ ಕಾಲಿಗೆ ಅಲ್ಲಿಯ ಒಂದೊಂದು ಕುಳಿಯೂ ಗೊತ್ತು. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಸಿಕ್ಕಿ, ಪೇಟೆಯಿಂದ ಬಂದ ನಾಲ್ಕಾರು ಮಕ್ಕಳು ಹಿಂಬಾಗಿಲು ದಾಟಿದರೆ ಆ ತಿಳಿವಳಿಕೆ ಅವರ ಜೊತೆಗೆ ಹೋಗುವುದಿಲ್ಲ. ಆದ್ದರಿಂದ ಹಿತ್ತಲನ್ನು ಮಕ್ಕಳಿಗೆ ಅಪಾಯವಿಲ್ಲದಂತೆ ಮಾಡುವ ಕೆಲಸವನ್ನು ಶಿವರಾತ್ರಿ ಕಳೆದ ಕೂಡಲೇ ಹಿಡಿಯಬೇಕು. ವೆಲ್ಡಿಂಗ್‌ನವರು ಹೇಳಿದ ದಿನಕ್ಕೆ ಬರುವುದು ಅಪರೂಪ, ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಯುಗಾದಿ ಹತ್ತಿರ ಬಂದಾಗ ಶುರುಮಾಡಿದರೆ ಅರ್ಧಕ್ಕೇ ಮಕ್ಕಳು ಬಂದು ನಿಲ್ಲುತ್ತಾರೆ.

ಸಾಮಾನ್ಯವಾಗಿ ಮನೆಯವರು ಮೊದಲು ಕೇಳುವುದು ಉಯ್ಯಾಲೆ ಎಲ್ಲಿ ಕಟ್ಟೋಣ ಅಂತ. ಅದು ಕೊನೆಯ ಕೆಲಸ. ಮೊದಲಿನದು ನೀರು, ಆಮೇಲೆ ಗುಂಡಿ, ಆಮೇಲೆ ಕರೆಂಟು. ಉಯ್ಯಾಲೆಯಿಂದ ಬಿದ್ದ ಮಗುವಿಗೆ ಕೈ ಮುರಿದೀತು. ನೀರಿಗೆ ಬಿದ್ದ ಮಗು ಕೂಗುವುದೂ ಇಲ್ಲ, ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. 'ಯಾರಾದರೂ ನೋಡಿಕೊಂಡಿರುತ್ತೇವಲ್ಲ' ಎಂಬ ಮಾತನ್ನು ಈ ಮೂರರ ವಿಷಯದಲ್ಲಿ ಲೆಕ್ಕಕ್ಕೇ ಹಿಡಿಯಬಾರದು. ನೋಡಿಕೊಳ್ಳುವವರು ಒಲೆಯ ಮೇಲಿನ ಹಾಲು ಇಳಿಸಲು ಒಳಗೆ ಹೋಗಿಯೇ ಹೋಗುತ್ತಾರೆ. ಆ ಹೊತ್ತಿಗೂ ಹಿತ್ತಲು ತನ್ನಷ್ಟಕ್ಕೆ ಸುರಕ್ಷಿತವಾಗಿರಬೇಕು, ಗುರಿ ಅಷ್ಟೇ.

ಕೆಲಸಕ್ಕೆ ಮುಂಚೆ ಮೂರು ಅಳತೆ ಸಾಮಾನು ಮಾಡಿಕೊಳ್ಳಿ. ಒಂದು, ಮೂರಡಿಯ ಕೋಲು. ಎರಡು, ಪ್ಲೈವುಡ್ಡಿನಲ್ಲಿ ಕೊಯ್ದ ಮೂರೂವರೆ ಇಂಚು ಎತ್ತರ, ಆರೂಕಾಲು ಇಂಚು ಅಗಲದ ಹಲಗೆ. ಮೂರು, ಒಂಬತ್ತು ಇಂಚು ವ್ಯಾಸದ ದುಂಡು ಹಲಗೆ. ಚಿಕ್ಕ ಹಲಗೆ ಮಗುವಿನ ಮೈಯ ಅಳತೆ, ದುಂಡನೆಯದು ತಲೆಯದು. ಗೇಟಿನ ಸರಳು, ಜಗಲಿಯ ಕಟಕಟೆ, ಕಾಂಪೌಂಡಿನ ಜಾಲರಿ, ಏಣಿ, ಕಿಂಡಿ ಕಂಡಲ್ಲೆಲ್ಲ ಎರಡನ್ನೂ ತೂರಿಸಿ ನೋಡಬೇಕು. ಚಿಕ್ಕದು ತೂರದಿದ್ದರೆ ಚಿಂತೆಯಿಲ್ಲ. ಎರಡೂ ತೂರಿದರೆ ಮಗು ಪೂರ್ತಿ ಹೊರಬರುತ್ತದೆ, ಆಗ ಆಚೆ ಬದಿಯಲ್ಲಿ ಏನಿದೆ ಎಂಬುದಷ್ಟೇ ಪ್ರಶ್ನೆ. ಚಿಕ್ಕದು ತೂರಿ ದುಂಡನೆಯದು ತೂರದಿದ್ದರೆ ಅದೇ ಅಪಾಯದ ಸಂದು. ಮಗು ಕಾಲು ಮುಂದಾಗಿ ನುಸುಳುತ್ತದೆ, ತಲೆ ಸಿಕ್ಕಿಕೊಂಡು ಕುತ್ತಿಗೆಯ ಮೇಲೆ ನೇತಾಡುತ್ತದೆ. ಹಳೆಯ ಗೇಟುಗಳ ಸರಳಿನ ನಡುವೆ ನಾಲ್ಕೈದು ಇಂಚು ಬಿಡುವುದು ರೂಢಿ. ಅಂಥವಕ್ಕೆ ನಡುವೆ ಇನ್ನೊಂದು ಸರಳು ಬೆಸೆಯದೆ ಬೇರೆ ದಾರಿಯಿಲ್ಲ.

ಇನ್ನು ಬಾವಿ. ಕಟ್ಟೆ ಮೂರಡಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಆ ಮೂರಡಿಯನ್ನು ನೆಲದಿಂದ ಅಳೆದಿರುತ್ತಾರೆ. ಅಳೆಯಬೇಕಾದ್ದು ಮಗು ಹತ್ತಿ ನಿಲ್ಲಬಹುದಾದ ಅತಿ ಎತ್ತರದ ಜಾಗದಿಂದ. ಕಟ್ಟೆಗೆ ತಾಗಿದ ಒಗೆಯುವ ಕಲ್ಲು ಒಂದೂವರೆ ಅಡಿ ಇದ್ದರೆ ಉಳಿದ ಕಟ್ಟೆಯೂ ಒಂದೂವರೆ ಅಡಿಯೇ. ಮಗುಚಿಟ್ಟ ಬಕೆಟ್ಟು, ಕೊಡಪಾನ ಇಡುವ ಮೆಟ್ಟಿಲು, ಕಟ್ಟೆಗೆ ಒರಗಿಸಿದ ತೆಂಗಿನ ಕಾಂಡ, ಎಲ್ಲವೂ ಹಾಗೆಯೇ. ಮೂರಡಿ ಕೋಲನ್ನು ನೆಲಕ್ಕೆ ಮಲಗಿಸಿ ಬಾವಿಯ ಸುತ್ತ ಎಳೆಯಿರಿ, ಅದಕ್ಕೆ ತಾಗಿದ್ದೆಲ್ಲ ದೂರ ಹೋಗಬೇಕು. ಕಲ್ಲು ಸರಿಸಲಾಗದಿದ್ದರೆ ಆ ಬದಿಯ ಕಟ್ಟೆಯನ್ನು ಏರಿಸಿ.

ಕಟ್ಟೆ ಎಷ್ಟೇ ಎತ್ತರವಿದ್ದರೂ ಮೇಲೆ ಕಬ್ಬಿಣದ ಮುಚ್ಚಳ ಬೇಕೇ ಬೇಕು. ಎಲೆ ಬೀಳದಂತೆ ಕಟ್ಟುವ ನೈಲಾನ್ ಬಲೆಯನ್ನು ರಕ್ಷಣೆ ಎಂದು ನಂಬಿದವರು ಬಹಳ. ಅದು ಎರಡು ಬೇಸಿಗೆಯ ಬಿಸಿಲಿಗೆ ಪುಡಿಯಾಗುತ್ತದೆ, ಮೇಲೆ ತರಗೆಲೆ ಕೂತು ಬಾವಿ ಇರುವುದನ್ನೇ ಮರೆಮಾಡುತ್ತದೆ. ಆರಡಿ ವ್ಯಾಸದ ಬಾವಿಗೆ ಏಳಡಿಯ ದುಂಡು ಚೌಕಟ್ಟು ಮಾಡಿಸಬೇಕು. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಎಲ್ ಆಕಾರದ ಕಬ್ಬಿಣದ ಆ್ಯಂಗಲ್, ಎರಡು ಅರ್ಧಚಂದ್ರ, ಒಂದೊಂದರ ನಡುವೆಯೂ ಅದೇ ಆ್ಯಂಗಲ್ಲಿನ ಒಂದು ಅಡ್ಡಪಟ್ಟಿ. ಮೇಲೆ 10 ಮಿ.ಮೀ. ಸರಳು, ಒಂದು ದಿಕ್ಕಿಗೆ ಮೂರು ಇಂಚಿಗೊಂದು, ಇನ್ನೊಂದು ದಿಕ್ಕಿಗೆ ಆರು ಇಂಚಿಗೊಂದು. ಒಂದೊಂದು ಅರ್ಧವೂ 40ರಿಂದ 45 ಕೆ.ಜಿ. ತೂಗುತ್ತದೆ. ಹೆಚ್ಚಾಯಿತು ಎಂದು ವೆಲ್ಡಿಂಗ್‌ನವರು 6 ಮಿ.ಮೀ. ಸರಳು ಸೂಚಿಸುತ್ತಾರೆ. ಒಪ್ಪಬೇಡಿ. ಮಕ್ಕಳು ಮುಚ್ಚಳ ಕಂಡರೆ ಮೇಲೆ ಹತ್ತಿ ಕುಣಿಯುತ್ತಾರೆ ಎಂದೇ ಲೆಕ್ಕ ಹಾಕಬೇಕು, ತೆಳು ಸರಳಿನ ಬೆಸುಗೆ ಅಲ್ಲಿ ಬಿಡುತ್ತದೆ.

ತಪ್ಪಾಗುವುದು ಹೆಚ್ಚಾಗಿ ಮುಚ್ಚಳದಲ್ಲಲ್ಲ, ಅದನ್ನು ಕೂರಿಸುವಲ್ಲಿ. ನಮ್ಮ ಕಡೆಯ ಕಟ್ಟೆಗಳು ಮುರಕಲ್ಲಿನವು. ಮುರಕಲ್ಲಿಗೆ ತೂತು ಕೊರೆದು ಬೋಲ್ಟ್ ಬಿಗಿದರೆ ಮೊದಲ ಮಳೆಗಾಲಕ್ಕೇ ಕಲ್ಲು ಉದುರಿ ಬೋಲ್ಟ್ ಕೈಗೆ ಬರುತ್ತದೆ. ಕಟ್ಟೆಯ ತಲೆಯ ಮೇಲೆ ಸುತ್ತ ನಾಲ್ಕು ಇಂಚು ದಪ್ಪದ ಕಾಂಕ್ರೀಟು ಪಟ್ಟಿ ಹಾಕಿ, ಒಳಗೆ 8 ಮಿ.ಮೀ. ಸರಳಿನ ಎರಡು ಬಳೆ ಕೊಟ್ಟು, ಬೋಲ್ಟುಗಳನ್ನು ಹಸಿ ಕಾಂಕ್ರೀಟಿನಲ್ಲೇ ಹೂತು ಬಿಡಬೇಕು. ನೀರು ಸೇದಲು ಗಡಗಡೆಯ ಕೆಳಗೆ ಒಂದೂವರೆ ಅಡಿ ಚೌಕದ ಕಿರುಬಾಗಿಲು, ಅದಕ್ಕೆ ಪ್ರತ್ಯೇಕ ಚಿಲಕ, ಹಿತ್ತಾಳೆಯ ಬೀಗ. ಕಬ್ಬಿಣದ ಬೀಗ ತುಕ್ಕು ಹಿಡಿಯುತ್ತದೆ, ತೆಗೆಯಲು ಕಷ್ಟವಾದ ಬೀಗವನ್ನು ಯಾರೂ ಹಾಕುವುದಿಲ್ಲ. ಬಾಗಿಲನ್ನು ಎತ್ತಿದಾಗ ಹಿಡಿದಿಡಲು ಒಂದು ಸರಪಳಿ ಇರಲಿ, ಇಲ್ಲದಿದ್ದರೆ ಗಾಳಿಗೆ ಮುಚ್ಚಿಕೊಂಡು ಬೆರಳು ಜಜ್ಜುತ್ತದೆ. ರೆಡ್ ಆಕ್ಸೈಡ್ ಎರಡು ಕೋಟು ಹೊಡೆದು ಮೇಲೆ ಎನಾಮೆಲ್ ಬಳಿಯಿರಿ. ಬೆಸುಗೆಯ ಜಾಗಗಳಿಗೆ ಪ್ರತಿ ವರ್ಷ ಮತ್ತೆ ಹಚ್ಚಬೇಕು.

ನೆಲದೊಳಗಿನ ನೀರಿನ ತೊಟ್ಟಿಗೂ (ಸಂಪು) ಇಷ್ಟೇ ಗಮನ ಬೇಕು. ಎರಡಡಿ ಚೌಕದ ಬಾಯಿಗೆ ತಗಡಿನ ಮುಚ್ಚಳ ಸಾಲದು. ಅದು ಅಂಚಿನಲ್ಲಿ ತುಕ್ಕು ಹಿಡಿದು ಒಂದು ದಿನ ಒಳಕ್ಕೆ ಮಡಚಿಕೊಳ್ಳುತ್ತದೆ. ಬಾಯಿಯ ಒಳಗೆ, ಮುಚ್ಚಳಕ್ಕಿಂತ ಎರಡು ಇಂಚು ಕೆಳಗೆ, 12 ಮಿ.ಮೀ. ಸರಳಿನ ಎರಡನೇ ಜಾಲರಿ ಕೂರಿಸುವುದು ಉತ್ತಮ. ಮೇಲಿನದು ತೆರೆದು ಮರೆತರೂ ಒಳಗಿನದು ಹಿಡಿಯುತ್ತದೆ. ಡ್ರಮ್ಮು, ಬಾನಿ, ಬಕೆಟ್ಟುಗಳನ್ನು ಸಂಜೆ ಬರಿದು ಮಾಡಿ ಬೋರಲು ಹಾಕುವ ಅಭ್ಯಾಸ ಬೇಕು. ಒಂದೂವರೆ ವರ್ಷದ ಮಗುವಿನ ತಲೆಯ ಭಾಗವೇ ಹೆಚ್ಚು ತೂಕ. ಬಗ್ಗಿ ಬಿದ್ದರೆ ಮರಳಿ ಏಳಲಾಗದು, ಎರಡು ಇಂಚು ನೀರು ಸಾಕು.

ಗೋಬರ್ ಗ್ಯಾಸಿನ ಸ್ಲರಿ, ಅಂದರೆ ಗ್ಯಾಸು ಕೊಟ್ಟು ಹೊರಬಂದ ಸಗಣಿ ರಾಡಿ, ತುಂಬುವ ಗುಂಡಿಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಿಂದ ನೋಡಬೇಕು, ಏಕೆಂದರೆ ಅದು ನೆಲದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಒಣಗಿ ಬಿರುಕು ಬಿಟ್ಟ ಮಣ್ಣಿನ ಹಾಗಾಗುತ್ತದೆ, ಕೋಳಿ ಅದರ ಮೇಲೆ ನಡೆದುಹೋಗುತ್ತದೆ. ಕೋಳಿಯ ಹಿಂದೆ ಮಗು ಓಡುತ್ತದೆ. ಕೆಳಗೆ ನಾಲ್ಕೈದು ಅಡಿ ಸ್ಲರಿ. ದೀನಬಂಧು ಎಂಬ ಮಾದರಿಯ ಗೋಬರ್ ಗ್ಯಾಸ್ ಗುಮ್ಮಟಕ್ಕೆ ಹೊರಗುಂಡಿಯ ಮೇಲೆ ಚಪ್ಪಡಿ ಹಾಕಬೇಕೆಂಬುದು ವಿನ್ಯಾಸದಲ್ಲೇ ಇದೆ. ಸ್ಲರಿ ತೆಗೆಯುವಾಗ ಒಂದು ಚಪ್ಪಡಿ ಸರಿಸಿ ಹಾಗೇ ಬಿಡುವುದು ವಾಡಿಕೆಯಾಗಿದೆ. ಚಪ್ಪಡಿಗೆ ಕಡಪ ಕಲ್ಲು ಬೇಡ. ಕಣ್ಣಿಗೆ ಕಾಣದ ಸೀಳಿನಿಂದ ಅದು ಸೂಚನೆಯಿಲ್ಲದೆ ಎರಡಾಗುತ್ತದೆ. ಮೂರು ಇಂಚು ದಪ್ಪದ ಕಾಂಕ್ರೀಟು, ಆರು ಇಂಚಿಗೊಂದು 8 ಮಿ.ಮೀ. ಸರಳು, ಒಂದೂವರೆ ಅಡಿ ಅಗಲದ ತುಂಡುಗಳು, ಎತ್ತಲು ಕೊಕ್ಕೆ. ಶೌಚದ ಗುಂಡಿಗೂ ಇದೇ ಅಳತೆ ಸಾಕು. ಯಾರಾದರೂ ಇಂಥ ಗುಂಡಿಗೆ ಬಿದ್ದರೆ ಮೇಲಿನವರು ಇಳಿಯಬಾರದು. ಒಳಗಿನ ಗಾಳಿಯಲ್ಲಿ ಇಳಿದವರೂ ಪ್ರಜ್ಞೆ ತಪ್ಪುತ್ತಾರೆ. ಹಗ್ಗವೋ ಏಣಿಯೋ ಕೊಟ್ಟು, ಅಗ್ನಿಶಾಮಕದವರನ್ನು ಕರೆಯಬೇಕು.

ನೀರು ಬರದೆ ಬಿಟ್ಟ ಕೊಳವೆಬಾವಿ ಇದ್ದರೆ ಒಂದು ದಿನವೂ ತಡಮಾಡುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬಿದ್ದದ್ದು ಹಿಂದಿನ ದಿನವಷ್ಟೇ ಕೊರೆದ ಬಾವಿಗೆ. ಸುಮಾರು 20 ಗಂಟೆಯ ಹೋರಾಟದ ಬಳಿಕ ಜೀವಂತವಾಗಿ ಹೊರತಂದರು. ಇಡೀ ರಾಜ್ಯ ಉಸಿರು ಬಿಗಿಹಿಡಿದು ಕಾದ ಆ ರಾತ್ರಿ ತಪ್ಪಿಸಲು ಬೇಕಿದ್ದದ್ದು ಒಂದು ಮುಚ್ಚಳ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನ ಸ್ಪಷ್ಟವಾಗಿದೆ. ಬಳಸುವ ಕೊಳವೆಯ ಸುತ್ತ ನೆಲದ ಮೇಲೆ 30 ಸೆ.ಮೀ., ಕೆಳಗೆ 30 ಸೆ.ಮೀ. ಕಾಂಕ್ರೀಟು ಕಟ್ಟೆ, ಬಾಯಿಗೆ ಬೆಸೆದ ಉಕ್ಕಿನ ತಟ್ಟೆ ಅಥವಾ ನಟ್ಟು ಬೋಲ್ಟಿನ ಗಟ್ಟಿ ಮುಚ್ಚಳ. ಕೈಬಿಟ್ಟದ್ದನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು. ಗೋಣಿಚೀಲ ತುರುಕಿ ಮೇಲೊಂದು ಕಲ್ಲಿಟ್ಟದ್ದು ಮುಚ್ಚಿದಂತಲ್ಲ. ಗೋಣಿ ಕೊಳೆತ ಮೇಲೆ ಕಲ್ಲು ಸರಿಸುವ ಶಕ್ತಿ ಐದು ವರ್ಷದ ಮಗುವಿಗೂ ಇದೆ.

ಕರೆಂಟಿನ ವಿಷಯದಲ್ಲಿ ಮೂರು ಕೆಲಸ. ಹಿತ್ತಲಿಗೆ ಹೋಗುವ ಲೈನಿಗೆ, ಕರೆಂಟು ಸೋರಿದೊಡನೆ ತಾನೇ ಲೈನು ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. 100 ಅಥವಾ 300 ಮಿಲಿ ಆಂಪಿಯರಿನವು ಬೆಂಕಿಯಿಂದ ಮನೆ ಕಾಯಲು ಸರಿ, ಮೈಗೆ ಶಾಕ್ ಹೊಡೆದಾಗ ಅವುಗಳನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ 30 ಮಿಲಿ ಆಂಪಿಯರಿನದ್ದು ಪದೇ ಪದೇ ಲೈನು ಕಡಿದರೆ ಪಂಪಿನ ವೈಂಡಿಂಗಿಗೋ ಕೇಬಲ್ಲಿನ ಜೋಡಣೆಗೋ ನೀರು ಸೇರಿದೆ ಎಂದರ್ಥ. ಅದನ್ನು ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬಿಟ್ಟು ನೇರ ಕೊಡುವ ರಿಪೇರಿ ಬಹಳ ಕಡೆ ನಡೆಯುತ್ತದೆ. ಹಾಗೆ ಮಾಡಿಸಿದ ಮನೆಯಲ್ಲಿ ಒದ್ದೆ ಪಂಪು ಮುಟ್ಟಿದ ಮಗುವಿಗೆ ಯಾವ ಕಾವಲೂ ಇಲ್ಲ. ಎರಡನೆಯದು, ಬಟ್ಟೆ ಒಣಹಾಕುವ ತಂತಿ. ತಗಡಿನ ಮಾಡಿಗೋ ಕರೆಂಟಿನ ವೈರು ಹಾದ ಕಂಬಕ್ಕೋ ಕಟ್ಟಿದ ಜಿಐ ತಂತಿಯನ್ನು ಇವತ್ತೇ ಬಿಚ್ಚಿ. ಪ್ಲಾಸ್ಟಿಕ್ ಹೊದಿಕೆಯದ್ದೂ ಒಳಗೆ ಲೋಹವೇ. ನೈಲಾನ್ ಹಗ್ಗ ಸಾಕು, ಓಡುವ ಮಗುವಿನ ಕುತ್ತಿಗೆಗೆ ಸಿಗದಂತೆ ಏಳಡಿ ಎತ್ತರದಲ್ಲಿ. ಮೂರನೆಯದು, ಪಂಪಿನ ಸ್ಟಾರ್ಟರ್ ಐದಡಿ ಮೇಲೆ, ಬೀಗದ ಪೆಟ್ಟಿಗೆಯಲ್ಲಿ.

ಸರಿಯುವ ಗೇಟಿದ್ದರೆ ಕಂಬಿಯ ಎರಡೂ ತುದಿಗೆ ಗಟ್ಟಿ ತಡೆ ಇದೆಯೇ, ಮೇಲಿನ ಗೈಡ್ ರೋಲರುಗಳ ಬೋಲ್ಟ್ ಬಿಗಿಯಾಗಿದೆಯೇ ನೋಡಿ. ತಡೆ ಕಳಚಿದ ಗೇಟು ಕೊನೆಗೆ ಬಂದು ಪೂರ್ತಿ ಮಗುಚಿ ಬೀಳುತ್ತದೆ. ಇನ್ನೂರು ಕೆ.ಜಿ.ಯ ಗೇಟನ್ನು ಮಕ್ಕಳು ರೈಲು ಎಂದುಕೊಂಡು ತಳ್ಳುತ್ತಾರೆ.

ಗಿಡಗಳನ್ನು ಒಂದು ಬೆಳಗ್ಗೆ ಹಿರಿಯರೊಬ್ಬರ ಜೊತೆ ಸುತ್ತಿ ಪಟ್ಟಿ ಮಾಡಬೇಕು. ಹಳದಿ ಕಣಗಿಲೆಗೆ ನಮ್ಮಲ್ಲಿ ದೇವರ ಹೂವೆಂಬ ಪ್ರೀತಿ. ಅದರ ಕಾಯಿಯ ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಮಕ್ಕಳಿರುವ ಹಿತ್ತಲಲ್ಲಿ ಅದು ಬೇಡ. ಕೆಂಪು, ಬಿಳಿ ಕಣಗಿಲೆಯೂ ಹಾಗೆಯೇ. ಬೇಲಿಯ ಕಾಡುಹರಳಿನ ಬೀಜ ರುಚಿಯಾಗಿರುವುದರಿಂದ ಒಂದು ಮಗು ತಿಂದು ಉಳಿದವಕ್ಕೂ ಹಂಚುತ್ತದೆ, ಸಂಜೆಗೆ ಎಲ್ಲಕ್ಕೂ ವಾಂತಿ. ಹರಳು, ಉಮ್ಮತ್ತಿ, ಗೌರಿ ಹೂವಿನ ಗೆಡ್ಡೆ ತೆಗೆಯಬೇಕಾದವೇ. ಗುಲಗಂಜಿಯನ್ನು ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಸಾಮಾನ್ಯವಾಗಿ ಹಾಗೇ ಹೊರಹೋಗುತ್ತದೆ, ಅಗಿದರೆ ಅಥವಾ ಸರಕ್ಕೆ ತೂತು ಕೊರೆದದ್ದನ್ನು ನುಂಗಿದರೆ ವಿಷ ಒಳಗಿಳಿಯುತ್ತದೆ. ಕಳ್ಳಿ ಮತ್ತು ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಇವನ್ನು ಕಿತ್ತ ಜಾಗಕ್ಕೆ ದಾಸವಾಳ, ದೊಡ್ಡಪತ್ರೆ, ಕರಿಬೇವು, ಪೇರಳೆ ನೆಡಿ. ಕಿತ್ತ ಗಿಡವನ್ನು ಒಲೆಗೆ ಹಾಕಬಾರದು, ಕಣಗಿಲೆಯ ಹೊಗೆಯೂ ಕೆಟ್ಟದ್ದು. ಮಗು ಏನಾದರೂ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತಿಂದ ಗಿಡದ ಎಲೆ, ಕಾಯಿ ಸಮೇತ ಆಸ್ಪತ್ರೆಗೆ.

ಅಡಕೆ ತೋಟದ ಮನೆಗಳಲ್ಲಿ ಇನ್ನೊಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ಹೊತ್ತು, ಅಂದರೆ ಮುಂಗಾರಿನ ಮುಂಚೆ, ಮಕ್ಕಳು ಇನ್ನೂ ಮನೆಯಲ್ಲೇ ಇರುತ್ತಾರೆ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದ ನೀಲಿ ಹರಳು ಕಲ್ಲುಸಕ್ಕರೆಯಂತೆ ಮಿನುಗುತ್ತದೆ, ಸುಟ್ಟ ಸುಣ್ಣ ನೀರಿಗೆ ಬಿದ್ದಾಗ ಕುದಿದು ಸಿಡಿಯುತ್ತದೆ. ಎರಡನ್ನೂ ಬೀಗದ ಕೋಣೆಯಲ್ಲಿಡಿ, ಕಲಸುವಾಗ ಮಕ್ಕಳು ಮನೆಯೊಳಗಿರಲಿ. ರಬ್ಬರ್ ಹಾಲಿಗೆ ಹಾಕುವ ಆ್ಯಸಿಡ್, ಕಳೆನಾಶಕ, ಸೀಮೆಎಣ್ಣೆ ಯಾವುದನ್ನೂ ತಂಪು ಪಾನೀಯದ ಬಾಟಲಿಗೆ ಹಾಕಬಾರದು. ಇಲಿ ಪಾಷಾಣದ ಬಿಲ್ಲೆಗಳು ಬಿಸ್ಕತ್ತಿನಂತೆಯೇ ಇರುತ್ತವೆ, ಮಕ್ಕಳಿರುವಷ್ಟು ದಿನ ಬೋನು ಸಾಕು.

ಹಾವಿಗೆ ಬೆಳ್ಳುಳ್ಳಿ, ಫಿನಾಯಿಲ್, ಕಾರ್ಬಾಲಿಕ್ ಆ್ಯಸಿಡ್ ಯಾವುದೂ ತಡೆಯಲ್ಲ. ಕಾರ್ಬಾಲಿಕ್ ಆ್ಯಸಿಡ್ ಮಗುವಿನ ಚರ್ಮವನ್ನೇ ಸುಡುತ್ತದೆ. ಹಾವು ಬರುವುದು ಇಲಿ, ಕಪ್ಪೆಗಾಗಿ, ನಿಲ್ಲುವುದು ಮರೆ ಸಿಕ್ಕಲ್ಲಿ. ಕೋಳಿಗೂಡಿನ ಕೆಳಗೆ ಚೆಲ್ಲಿದ ಕಾಳು ಗುಡಿಸುವುದು, ಸೌದೆಯನ್ನು ಗೋಡೆಗೆ ತಾಗದಂತೆ ಒಂದಡಿ ಎತ್ತರದ ಅಟ್ಟಣೆಯ ಮೇಲೆ ಪೇರಿಸುವುದು, ಬಿಲಗಳನ್ನು ಜಲ್ಲಿ ಸಿಮೆಂಟಿನಿಂದ ಮುಚ್ಚುವುದು, ಚರಂಡಿ ಪೈಪಿನ ಬಾಯಿಗೆ ಕಾಲಿಂಚಿನ ಜಾಲರಿ ಕಟ್ಟುವುದು, ಇವೇ ನಿಜವಾದ ತಡೆ. ಕೊಳಕುಮಂಡಲ ತರಗೆಲೆಯ ಮೇಲೆ ಮಲಗಿದರೆ ದೊಡ್ಡವರಿಗೇ ಕಾಣದು. ಆದ್ದರಿಂದ ಆಟದ ಜಾಗದ ಸುತ್ತ ಆರಡಿ ನೆಲ ದಿನವೂ ಗುಡಿಸಿ ಬೋಳಾಗಿರಲಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಹೀರುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು, ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು. ಆ ಆಸ್ಪತ್ರೆ ಯಾವುದೆಂದು ಮಾರ್ಚಿನಲ್ಲೇ ವಿಚಾರಿಸಿ, ಫೋನ್ ನಂಬರನ್ನು 108ರ ಜೊತೆ ಹಿಂಬಾಗಿಲ ಮೇಲೆ ಬರೆದಿಡಿ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನ ಮನೆಗಳು ಉಣುಗನ್ನೂ ಲೆಕ್ಕಕ್ಕೆ ಹಿಡಿಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ, ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ. ಕಾಡಿನಿಂದ ತಂದ ದರಗನ್ನು ಕೊಟ್ಟಿಗೆಯ ಆಚೆ ಬದಿಗೆ ಹಾಕಿ. ಮಕ್ಕಳಿಗೆ ಅದು ಹಾರಿ ಬೀಳುವ ಮೆತ್ತೆಯಂತೆ ಕಾಣುತ್ತದೆ. ಸಂಜೆ ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕಂಕುಳು, ಸೊಂಟ, ಮಂಡಿಯ ಹಿಂಬದಿ ತಡವಿ ನೋಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಹಚ್ಚುವ ಕ್ರಮ ಅವರಿಂದಲೇ ಕೇಳಿ ತಿಳಿಯಿರಿ. ಸುತ್ತಮುತ್ತ ಮಂಗ ಸತ್ತಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇಷ್ಟಾದ ಮೇಲೆ ಉಯ್ಯಾಲೆಗೆ ಜಾಗ ಹುಡುಕಬಹುದು. ತೆಂಗಿನ ಮರದ ಕೆಳಗೆ ಬೇಡ. ಕಾಯಿ ಬುಡದ ಹತ್ತಿರ ಬೀಳುತ್ತದೆ, ಒಣಗಿದ ಮಡಲು ಗಾಳಿಗೆ ಇನ್ನೂ ದೂರ ಹಾರುತ್ತದೆ. ಬುಡದಿಂದ 15 ಅಡಿ ಬಿಡಿ. ಜಾಗವೇ ಇಲ್ಲದಿದ್ದರೆ 45 ದಿನಕ್ಕೊಮ್ಮೆ ಕಾಯಿ ಕೀಳಿಸಿ, ಒಣ ಮಡಲು ಕಳಚಿಸಿ, ಗೊನೆಯ ಕೆಳಗೆ ಬಲೆ ಕಟ್ಟಿಸಿ. ನುಗ್ಗೆ, ನೇರಳೆಯ ಕೊಂಬೆ ಹಸಿಯಿದ್ದರೂ ಚಟ್ಟನೆ ಮುರಿಯುತ್ತದೆ. ಹಲಸು, ಹುಣಸೆ ನಂಬಿಕೆಯವು, ಗೆದ್ದಲು ಹತ್ತದ ಮಾವೂ ಆದೀತು. ಕೊಂಬೆ ಅಡ್ಡಕ್ಕಿರಬೇಕು, ದಪ್ಪ ಎಂಟು ಇಂಚಿಗೆ ಕಡಿಮೆ ಬೇಡ, ಕಾಂಡದಿಂದ ಮೂರಡಿಯಾದರೂ ಆಚೆಗೆ ಕಟ್ಟಬೇಕು, ಇಲ್ಲದಿದ್ದರೆ ಉಯ್ಯಾಲೆ ತಿರುಚಿ ಕಾಂಡಕ್ಕೆ ಬಡಿಯುತ್ತದೆ. ತೆಂಗಿನ ಹಗ್ಗ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೊಳೆತಿರುತ್ತದೆ. ಕೊಂಬೆಗೆ ಮೇಲಿನಿಂದ ಕೆಳಕ್ಕೆ ತೂತು ಕೊರೆದು 12 ಮಿ.ಮೀ. ಐ-ಬೋಲ್ಟು (ತುದಿಯಲ್ಲಿ ಬಳೆಯಿರುವ ಬೋಲ್ಟು), ಎರಡೂ ಕಡೆ ಅಗಲ ವಾಷರು, 10 ಮಿ.ಮೀ. ಡಿ-ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ), 16 ಮಿ.ಮೀ. ಪಾಲಿಯೆಸ್ಟರ್ ಹಗ್ಗ. ಕೊಂಬೆಗೆ ಹಗ್ಗ ಸುತ್ತಿ ಬಿಗಿಯುವುದಕ್ಕಿಂತ ತೂತು ಮರಕ್ಕೆ ಕಡಿಮೆ ಹಾನಿ, ಸುತ್ತಿದ ಹಗ್ಗ ತೊಗಟೆ ಉಜ್ಜಿ ಕೊಂಬೆಯನ್ನೇ ಒಣಗಿಸುತ್ತದೆ.

ಕೂರುವ ಹಲಗೆ ಮರದ್ದಾದರೆ ಖಾಲಿ ತೂಗುವಾಗ ಹಾದುಹೋಗುವ ಮಗುವಿನ ಹಣೆಗೆ ಬಡಿಯುತ್ತದೆ. ಟೈರಿನ ಅಗಲ ಪಟ್ಟಿ ಮೆತ್ತಗಿರುತ್ತದೆ. ಇಡೀ ಟೈರು ಕಟ್ಟುವುದಾದರೆ ಕೆಳಗೆ ನಾಲ್ಕು ತೂತು ಕೊರೆಯಿರಿ, ಇಲ್ಲದಿದ್ದರೆ ಅದರೊಳಗೆ ಸೊಳ್ಳೆ ಮರಿ ಮಾಡುತ್ತದೆ. ಹಗ್ಗದ ಮೇಲಿನ ತುದಿ, ಅಂದರೆ ಕೊಂಬೆಗೆ ಕಟ್ಟಿದ ಜಾಗ, ನೆಲದಿಂದ ಆರಡಿ ಎತ್ತರದಲ್ಲಿದ್ದರೆ ಮುಂದಕ್ಕೂ ಹಿಂದಕ್ಕೂ ಅದರ ಎರಡು ಪಟ್ಟು, 12 ಅಡಿಯಂತೆ ಖಾಲಿ ಜಾಗ ಬೇಕು. ಇಷ್ಟು ಉದ್ದ ಸಿಗದ ಹಿತ್ತಲಲ್ಲಿ ಎತ್ತರದ ಕೊಂಬೆಯ ಆಸೆ ಬಿಡಿ. ಆ 24 ಅಡಿ ಉದ್ದ, ಆರಡಿ ಅಗಲಕ್ಕೆ ಒಂದಡಿ ಅಗೆದು, ಮೂರು ಇಂಚು ಜಲ್ಲಿ, ಅದರ ಮೇಲೆ ನೆರಳು ಬಲೆಯ ಎರಡು ಪದರ, ಮೇಲೆ ಒಂಬತ್ತು ಇಂಚು ಮರಳು. ಲೆಕ್ಕ ಹಾಕಿದರೆ 108 ಘನ ಅಡಿ, ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ಎಂ-ಸ್ಯಾಂಡ್ ಅಗ್ಗ ಸಿಗುತ್ತದೆಂದು ಹಾಕಬೇಡಿ. ಅದರ ಹುಡಿ ಎರಡು ಮಳೆಗೆ ಗಟ್ಟಿ ನೆಲವಾಗುತ್ತದೆ. ತೊಳೆದ ದುಂಡು ಮರಳೇ ಬೇಕು, ಹದಿನೈದು ದಿನಕ್ಕೊಮ್ಮೆ ಗುದ್ದಲಿಯಿಂದ ಕೆದಕಬೇಕು. ರಾತ್ರಿ ಟಾರ್ಪಾಲು ಹೊದಿಸದಿದ್ದರೆ ಬೆಕ್ಕು ಅದನ್ನು ಶೌಚಕ್ಕೆ ಬಳಸುತ್ತದೆ, ಬೆಳಗ್ಗೆ ತೆರೆಯುವಾಗ ಕೆಳಗೆ ಚೇಳು ಇದೆಯೇ ಎಂದು ಕೋಲಿನಿಂದ ನೋಡಿಯೇ ಮಕ್ಕಳನ್ನು ಬಿಡಬೇಕು. ಮೊದಲ ದಿನ ದೊಡ್ಡವರಿಬ್ಬರು ಕೂತು ಜಗ್ಗಿ ನೋಡಿ, ಮರುದಿನ ಬೋಲ್ಟಿನ ನಟ್ಟು ಮತ್ತೊಮ್ಮೆ ಬಿಗಿಯಿರಿ. ಹಸಿ ಮರ ಒಂದು ರಾತ್ರಿಯಲ್ಲಿ ಸ್ವಲ್ಪ ಅದುಮಿಕೊಂಡಿರುತ್ತದೆ.

ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ಹಿತ್ತಲು ಬೇರೆಯೇ ಆಗುತ್ತದೆ. ಕಲ್ಲುಹಾಸಿನ ಮೇಲೆ ಹಾವಸೆ ಬಂದು ಜಾರುತ್ತದೆ. ಬ್ಲೀಚಿಂಗ್ ಪೌಡರ್ ಚೆಲ್ಲಿ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಶೌಚಾಲಯದ ಆ್ಯಸಿಡ್ ಮಾತ್ರ ಅದಕ್ಕೆ ಸೇರಬಾರದು, ವಿಷಾನಿಲ ಏಳುತ್ತದೆ. ಅಂಗಳಕ್ಕೆ ಅಡಕೆ ಸೋಗೆ, ತೆಂಗಿನ ಮಡಲು ಹಾಸಿ ನಡೆಯುವ ಹಳೆಯ ಪದ್ಧತಿ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹದಿನೈದು ದಿನಕ್ಕೊಮ್ಮೆ ಹೊಸದು ಹಾಸಬೇಕು. ಉಯ್ಯಾಲೆಯ ಹಗ್ಗ ಬಿಚ್ಚಿ ಒಳಗಿಡಿ, ಬೋಲ್ಟಿಗೆ ಗ್ರೀಸ್ ಹಚ್ಚಿ ಬಿಡಿ. ದಸರಾ ರಜೆಗೆ ಮಕ್ಕಳು ಮತ್ತೆ ಬರುತ್ತಾರೆ. ಅದಕ್ಕೆ ಒಂದು ವಾರ ಮುಂಚೆ ಮೂರಡಿ ಕೋಲು, ಎರಡು ಹಲಗೆ ಹಿಡಿದು ಬಾವಿಯಿಂದಲೇ ಶುರುಮಾಡಿ. ಮಳೆಗಾಲದಲ್ಲಿ ಯಾರೋ ಕಟ್ಟೆಯ ಪಕ್ಕಕ್ಕೆ ಒಂದು ಕಲ್ಲನ್ನೋ ಡ್ರಮ್ಮನ್ನೋ ತಂದಿಟ್ಟಿರುತ್ತಾರೆ.